ಕಾನ್ಪುರದ ಗುಜರಿಯಿಂದ ಹಾರಿಬಂದ ಬಾಂಬರುಗಳು

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಾರತ್‌ಹಳ್ಳಿಯತ್ತ ಹೋಗುವ ಬಸ್ಸುಗಳು ಎಚ್‌ಎಎಲ್ ಹೆರಿಟೇಜ್ ಸೆಂಟರಿನ ಮುಂದೆ ಹಾಯುತ್ತವೆ. 2001ರಲ್ಲಿ ತೆರೆದ ಈ ವಿಮಾನ ಸಂಗ್ರಹಾಲಯಕ್ಕೆ ರಜಾದಿನಗಳಲ್ಲಿ ಮಕ್ಕಳನ್ನು ಕರೆತರುವ ತಂದೆತಾಯಿಗಳಿಗೆ ಕೊರತೆಯಿಲ್ಲ. ಮರಗಳ ನೆರಳಿನಲ್ಲಿ ಎಚ್‌ಟಿ-2, ಮರುತ್, ಅಜೀತ್, ಕ್ಯಾನ್‌ಬೆರಾ ವಿಮಾನಗಳು ನಿಂತಿವೆ. ಒಳಗಿನ ಸಭಾಂಗಣದಲ್ಲಿ 1940ರಿಂದ ಮುಂದಕ್ಕೆ ದಶಕದ ಮೇಲೆ ದಶಕ ಛಾಯಾಚಿತ್ರಗಳ ಸಾಲು. ಹೊರಗೆ ಮಕ್ಕಳು ಮರುತ್‌ನ ಚೂಪು ಮೂಗಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗಾಗಿ ಫೋಕ್-ವುಲ್ಫ್ 190 ಎಂಬ ಹೆಸರಾಂತ ಯುದ್ಧವಿಮಾನವನ್ನು ರೂಪಿಸಿದವ. 1956ರಲ್ಲಿ ಬೆಂಗಳೂರಿಗೆ ಬಂದ. ಯುದ್ಧ ಮುಗಿದ ಮೇಲೆ ದಿಕ್ಕು ಬದಲಿಸಿದ್ದು ವಿಮಾನಗಳು ಮಾತ್ರವಲ್ಲ, ಅವುಗಳನ್ನು ಮಾಡಿದವರೂ ಹೌದು.

ಈ ಅಂಗಳದಲ್ಲಿ ಇರಬೇಕಾಗಿದ್ದ ಒಂದು ವಿಮಾನ ಇಲ್ಲ. ಅದರ ಹೆಸರು ಬಿ-24 ಲಿಬರೇಟರ್. ನಾಲ್ಕು ಎಂಜಿನ್‌ಗಳ ಈ ಭಾರಿ ಬಾಂಬರ್ ವಿಮಾನ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ, ಆದರೆ ಮರುಹುಟ್ಟು ಪಡೆದದ್ದು ಇಲ್ಲೇ. ಒಂದಲ್ಲ, ಎರಡಲ್ಲ, ನಲವತ್ತರ ಆಸುಪಾಸು. ಇಂದು ಅಂಥ ಒಂದನ್ನು ನೋಡಬೇಕೆಂದರೆ ಬೆಂಗಳೂರಿನ ಹುಡುಗ ದೆಹಲಿಗೆ ಹೋಗಬೇಕು; ಇಲ್ಲವಾದರೆ ಲಂಡನ್, ಒಟ್ಟಾವಾ ಅಥವಾ ಅಮೆರಿಕದ ಅರಿಜೋನಾ ಮರುಭೂಮಿಗೆ.

ಕತೆ ಎಲ್ಲಿಂದ ಆರಂಭವಾಯಿತೆಂದರೆ, ಅದೂ ಇದೇ ರಸ್ತೆಯ ಪಕ್ಕದಲ್ಲೇ. ಉದ್ಯಮಿ ವಾಲಚಂದ್ ಹೀರಾಚಂದ್ ಯುದ್ಧ ಶುರುವಾದ ಹೊಸತರಲ್ಲಿ ಭಾರತದಲ್ಲೇ ವಿಮಾನ ಕಟ್ಟುವ ಕನಸು ಕಂಡರು. ಮೈಸೂರು ಸಂಸ್ಥಾನ ಕೈಜೋಡಿಸಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ ಅದು. ಸಂಸ್ಥಾನ 25 ಲಕ್ಷ ರೂಪಾಯಿ ಬಂಡವಾಳವನ್ನೂ 700 ಎಕರೆ ನೆಲವನ್ನೂ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಅಸ್ತಿತ್ವಕ್ಕೆ ಬಂತು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನ ಮೇಲೇರಿತು.

ಅಷ್ಟರಲ್ಲಿ ಜಪಾನಿನ ಸೈನ್ಯ ಬರ್ಮಾ ನುಂಗಿ ಅಸ್ಸಾಮಿನ ಬಾಗಿಲಿಗೆ ಬಂದಿತ್ತು. ವಿಮಾನ ಕಟ್ಟುವುದಕ್ಕಿಂತ ಕೆಟ್ಟ ವಿಮಾನಗಳನ್ನು ರಿಪೇರಿ ಮಾಡುವುದೇ ತುರ್ತಾಯಿತು. 1943ರಲ್ಲಿ ಕಾರ್ಖಾನೆಯ ಉಸ್ತುವಾರಿ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಡಕೋಟಾ, ಮಿಚೆಲ್, ಕ್ಯಾಟಲಿನಾ ವಿಮಾನಗಳು ಒಂದರ ಹಿಂದೊಂದು ದುರಸ್ತಿಗೆ ಬರತೊಡಗಿದವು. ಕ್ಯಾಟಲಿನಾ ನೀರಿನ ಮೇಲೆ ಇಳಿಯುವ ವಿಮಾನ. ಅದಕ್ಕೆ ರನ್‌ವೇ ಆದದ್ದು ಪಕ್ಕದ ಬೆಳ್ಳಂದೂರು ಕೆರೆ! ನೊರೆ ಉಕ್ಕಿಸಿ, 2015ರಲ್ಲೂ 2017ರಲ್ಲೂ ಬೆಂಕಿ ಹತ್ತಿಕೊಂಡು ದೇಶದಾದ್ಯಂತ ಸುದ್ದಿಯಾದ ಕೆರೆ ಇದೇ. ಒಂದು ಕಾಲಕ್ಕೆ ವಿಮಾನ ಇಳಿಯುವಷ್ಟು ವಿಶಾಲವಾದ ನೀರು ಅಲ್ಲಿತ್ತು ಎಂದರೆ ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳೆಯುತ್ತಿರುವ ಮಕ್ಕಳು ನಂಬಲಾರರೇನೋ.

ಆ ಎರಡು ಮೂರು ವರ್ಷಗಳಲ್ಲಿ ಬೆಂಗಳೂರಿನ ಕೆಲಸಗಾರರಿಗೆ ಸಿಕ್ಕ ವಿದ್ಯೆ ಸಣ್ಣದಲ್ಲ. ಡಕೋಟಾದಲ್ಲಿ ಇದ್ದದ್ದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಬ 14 ಸಿಲಿಂಡರಿನ ಎಂಜಿನ್. ಕ್ಯಾಟಲಿನಾದಲ್ಲೂ ಅದೇ ಕುಟುಂಬದ್ದು. ಲಿಬರೇಟರ್‌ನ ನಾಲ್ಕು ಎಂಜಿನ್‌ಗಳೂ ಅದೇ ಕುಲದವು. ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸಿ, ಪರೀಕ್ಷೆಗೆ ಓಡಿಸುವುದು ಇಲ್ಲಿನವರಿಗೆ ಕೈಗೆ ಕೂತ ಕೆಲಸವಾಗಿತ್ತು. ಮುಂದೆ ನಡೆದದ್ದು ಪವಾಡ ಎಂದು ಬರೆಯುವವರಿದ್ದಾರೆ. ಹಾಗೆ ಬರೆದರೆ ಈ ಕೈಗಳಿಗೆ ಅನ್ಯಾಯ ಮಾಡಿದಂತೆ.

ಸಾಲದ ವಿಮಾನ

1945ರ ಆಗಸ್ಟಿನಲ್ಲಿ ಯುದ್ಧ ನಿಂತಿತು. ಜಗತ್ತಿನ ತುಂಬ ವಿಮಾನಗಳು ನಿಂತಲ್ಲೇ ನಿಂತವು. ಎಷ್ಟು ವಿಮಾನಗಳಿದ್ದವು ಎಂಬುದಕ್ಕೆ ಲಿಬರೇಟರ್ ಒಂದರದೇ ಲೆಕ್ಕ ಸಾಕು: ತಯಾರಾದವು 18,000ಕ್ಕೂ ಹೆಚ್ಚು. ಅಮೆರಿಕದ ಯಾವ ಸೇನಾ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾದದ್ದಿಲ್ಲ. ಕಾರು ಮಾಡುವ ಫೋರ್ಡ್ ಕಂಪನಿ ಮಿಷಿಗನ್ನಿನ ವಿಲ್ಲೋ ರನ್ ಎಂಬಲ್ಲಿ ದೊಡ್ಡ ಕಾರ್ಖಾನೆ ಕಟ್ಟಿ, 1944ರಲ್ಲಿ ಕೆಲಸ ಭರದಲ್ಲಿದ್ದಾಗ, ಹೆಚ್ಚುಕಡಿಮೆ ಗಂಟೆಗೊಂದರಂತೆ ಲಿಬರೇಟರ್ ಹೊರತಳ್ಳುತ್ತಿತ್ತು. 110 ಅಡಿ ರೆಕ್ಕೆ, ಹತ್ತು ಜನ ಸಿಬ್ಬಂದಿ, ನಾಲ್ಕು ಎಂಜಿನ್, ಅಂಥದ್ದು ಗಂಟೆಗೊಂದು!

ಯುದ್ಧ ಮುಗಿದಾಗ ಇದೇ ವೇಗದಲ್ಲಿ ಅವುಗಳನ್ನು ಕರಗಿಸುವ ಕೆಲಸವೂ ನಡೆಯಿತು. ಅರಿಜೋನಾದ ಕಿಂಗ್‌ಮನ್ ಎಂಬ ಊರಿನ ಹೊರಗೆ ಸುಮಾರು 5,500 ವಿಮಾನಗಳು ಸಾಲುಗಟ್ಟಿ ನಿಂತವು. ಗುತ್ತಿಗೆದಾರನೊಬ್ಬ ಅವನ್ನು ಸಗಟಾಗಿ ಸುಮಾರು 28 ಲಕ್ಷ ಡಾಲರಿಗೆ ಕೊಂಡ. ಎಂಜಿನ್ ಕಳಚಿ, ಮೈಯನ್ನು ತುಂಡರಿಸಿ ಕುಲುಮೆಗೆ ಹಾಕಿದ. 1948ರ ಹೊತ್ತಿಗೆ ಮರುಭೂಮಿ ಮತ್ತೆ ಖಾಲಿ. ಅಲ್ಯೂಮಿನಿಯಂ ಗಟ್ಟಿಗಳಾಗಿ ಹೋದ ಆ ವಿಮಾನಗಳ ಲೋಹ ಯಾರ ಮನೆಯ ಪಾತ್ರೆಯಾಯಿತೋ, ಯಾವ ಕಿಟಕಿಯ ಚೌಕಟ್ಟಾಯಿತೋ.

ಭಾರತದಲ್ಲಿದ್ದ ಲಿಬರೇಟರುಗಳ ಪರಿಸ್ಥಿತಿ ಬೇರೆ. ಬಂಗಾಳದ ಡಿಗ್ರಿ, ಸಾಲ್ಬೋನಿ ಮೊದಲಾದ ನೆಲೆಗಳಿಂದ ಹಾರಿ ಬರ್ಮಾ ಮತ್ತು ಸಯಾಮಿನ ರೈಲುಹಾದಿಗಳ ಮೇಲೆ ಬಾಂಬು ಹಾಕಿ ಬರುತ್ತಿದ್ದ ಇವು ಬ್ರಿಟಿಷ್ ವಾಯುಪಡೆಯವು. ಆದರೆ ಮಾಲೀಕತ್ವ ಬ್ರಿಟಿಷರದ್ದಲ್ಲ. 1941ರ ಲೆಂಡ್-ಲೀಸ್ ಕಾನೂನಿನ ಪ್ರಕಾರ ಅಮೆರಿಕ ಎರವಲು ಕೊಟ್ಟ ಸಾಮಾನು ಅದು. ಯುದ್ಧ ಮುಗಿದ ಮೇಲೆ ವಾಪಸು ಕೊಡಬೇಕು, ಇಲ್ಲವೆ ಬೆಲೆ ಕಟ್ಟಿ ಕೊಳ್ಳಬೇಕು, ಅದೂ ಆಗದಿದ್ದರೆ ಯಾರಿಗೂ ಉಪಯೋಗಕ್ಕೆ ಬಾರದಂತೆ ಕೆಡಿಸಬೇಕು. ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. ಅಮೆರಿಕಕ್ಕೋ ತನ್ನವನ್ನೇ ಕರಗಿಸಿ ಪೂರೈಸುತ್ತಿರಲಿಲ್ಲ. ಮೂರನೆಯ ದಾರಿಯೇ ಎಲ್ಲರಿಗೂ ಸುಲಭವಾಯಿತು.

ಆ ಕೆಲಸ ನಡೆದದ್ದು ಕಾನ್ಪುರದ ಚಕೇರಿಯಲ್ಲಿ. ಚರ್ಮದ ಉದ್ಯಮಕ್ಕೂ ಬಟ್ಟೆ ಗಿರಣಿಗಳಿಗೂ ಹೆಸರಾದ ಊರಿನ ಅಂಚಿನಲ್ಲಿರುವ ಈ ವಿಮಾನ ನೆಲೆಗೆ ಲಿಬರೇಟರುಗಳನ್ನು ಹಾರಿಸಿ ತಂದು ನಿಲ್ಲಿಸಿದರು. ಆಮೇಲೆ ಕೆಡಿಸುವ ಕೆಲಸಕ್ಕೆ ಕೈಹಾಕಿದರು. ಕಾಕ್‌ಪಿಟ್ಟಿನ ಗಡಿಯಾರದಂಥ ಉಪಕರಣಗಳನ್ನು ಒಡೆದರು. ಎಂಜಿನ್‌ಗಳಿಗೆ ಮರಳು ಸುರಿದರು. ತೆಳುವಾದ ಅಲ್ಯೂಮಿನಿಯಂ ಮೈಗೆ ವಾಹನ ಗುದ್ದಿಸಿ ಜಖಂ ಮಾಡಿದರು. ಯುದ್ಧದಲ್ಲಿ ಶತ್ರುವಿನ ಗುಂಡಿಗೆ ಸಿಗದೆ ಪಾರಾಗಿ ಬಂದ ವಿಮಾನಗಳಿಗೆ ಶಾಂತಿಕಾಲದಲ್ಲಿ ಸ್ವಂತದವರಿಂದಲೇ ಈ ಗತಿ. ಗಂಗಾಬಯಲಿನ ಎರಡು ಮೂರು ಮಳೆಗಾಲ, ಬೇಸಿಗೆಯ ಲೂ ಗಾಳಿ, ಆಳೆತ್ತರದ ಹುಲ್ಲು ಉಳಿದದ್ದನ್ನು ನೋಡಿಕೊಂಡವು.

ಬಾಗಿಲಿನಿಂದ ಉರುಳಿಸಿದ ಬಾಂಬುಗಳು

ಎಲ್ಲ ಯುದ್ಧವಿಮಾನಗಳ ಹಣೆಬರಹವೂ ಹೀಗಿರಲಿಲ್ಲ. ಸಾಮಾನು ಸಾಗಿಸುತ್ತಿದ್ದ ಡಕೋಟಾಗಳಿಗೆ ಶಾಂತಿಕಾಲದಲ್ಲೂ ಕೈತುಂಬ ಕೆಲಸ ಸಿಕ್ಕಿತು. ಅಸ್ಸಾಮಿನಿಂದ ಹಿಮಾಲಯದ ಬೆನ್ನೇರಿ ಚೀನಾಕ್ಕೆ ಸರಕು ಒಯ್ಯುತ್ತಿದ್ದ ವಿಮಾನಗಳಿವು. ಯುದ್ಧಾನಂತರ ಅಗ್ಗಕ್ಕೆ ಬಿಕರಿಯಾದ ಇವನ್ನು ಕೊಂಡು ಊರೂರಿನಲ್ಲಿ ವಿಮಾನ ಕಂಪನಿಗಳು ಹುಟ್ಟಿಕೊಂಡವು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಅವುಗಳಲ್ಲೊಂದು. ಸೈನಿಕರ ಒರಟು ಬೆಂಚು ಕಿತ್ತು ಪ್ರಯಾಣಿಕರ ಮೆತ್ತನೆಯ ಸೀಟು ಹಾಕುವ ಕೆಲಸವನ್ನು ಬೆಂಗಳೂರಿನ ಎಚ್‌ಎಎಲ್ ಮಾಡಿಕೊಡುತ್ತಿತ್ತು. ವಿಮಾನದ ಕೆಲಸ ಸಾಲದಾದಾಗ ಅದೇ ಕಾರ್ಖಾನೆ ರೈಲು ಬೋಗಿಗಳನ್ನೂ ಕಟ್ಟಿತು. 1949ರ ಜನವರಿ 30ರಂದು ಶುರುವಾದ ರಾತ್ರಿ ಅಂಚೆ ವ್ಯವಸ್ಥೆಯಲ್ಲಿ ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ ಅಂಚೆಚೀಲ ಬದಲಾಯಿಸಿಕೊಂಡು ಬೆಳಗಾಗುವಷ್ಟರಲ್ಲಿ ಊರು ಸೇರುತ್ತಿದ್ದವು. ಅವೂ ಯುದ್ಧ ಕಂಡ ಡಕೋಟಾಗಳೇ. 1953ರಲ್ಲಿ ಖಾಸಗಿ ಕಂಪನಿಗಳನ್ನೆಲ್ಲ ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಸ್ಥಾಪಿಸಿದಾಗ ಅದರ ಪಾಲಿಗೆ ಬಂದ 99 ವಿಮಾನಗಳಲ್ಲಿ 74 ಇದೇ ಜಾತಿಯವು.

ಆದರೆ ಸ್ವತಂತ್ರ ಭಾರತದ ವಾಯುಪಡೆಗೆ ಬೇಕಾದದ್ದು ಬಾಂಬರ್. ಇದ್ದದ್ದು ಒಂದೂ ಇಲ್ಲ. 1947ರ ಅಕ್ಟೋಬರ್ 27ರಂದು ಕಾಶ್ಮೀರಕ್ಕೆ ಸೈನಿಕರನ್ನು ಒಯ್ದವು ಡಕೋಟಾಗಳು. ಮರುವರ್ಷ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಹನ್ನೊಂದು ಸಾವಿರ ಅಡಿಗೂ ಎತ್ತರದ ಲೇಹ್‌ನಲ್ಲಿ ಮೊದಲ ಬಾರಿಗೆ ವಿಮಾನ ಇಳಿಸಿದ್ದೂ ಡಕೋಟಾವನ್ನೇ. ಪಕ್ಕದಲ್ಲಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಪೂಂಛ್ ರಕ್ಷಣೆಯ ಸಮಯದಲ್ಲಿ ಇದೇ ಸಾಮಾನು ವಿಮಾನದ ತೆರೆದ ಬಾಗಿಲಿನಿಂದ ಬಾಂಬುಗಳನ್ನು ಕೈಯಿಂದ ಉರುಳಿಸಿದ್ದೂ ಉಂಟು. ಧೈರ್ಯ ಮೆಚ್ಚಬೇಕಾದ್ದೇ. ಆದರೆ ಒಂದು ದೇಶದ ರಕ್ಷಣೆ ಎಷ್ಟು ದಿನ ಹೀಗೆ ನಡೆದೀತು? ಹೊಸ ಬಾಂಬರ್ ಕೊಳ್ಳಲು ಹಣವಿರಲಿಲ್ಲ. ನಿರಾಶ್ರಿತರಿಗೆ ಅನ್ನ, ಸೂರು ಒದಗಿಸುವುದೇ ದೊಡ್ಡ ಹೊರೆಯಾಗಿದ್ದ ದಿನಗಳವು.

ಆಗ ಕಣ್ಣು ಬಿದ್ದದ್ದು ಚಕೇರಿಯ ಹುಲ್ಲಿನಲ್ಲಿ ಮುಳುಗಿದ್ದ ಲಿಬರೇಟರುಗಳ ಮೇಲೆ. 1948ರಲ್ಲಿ ಎಚ್‌ಎಎಲ್‌ನ ತಂಡವೊಂದು ಕಾನ್ಪುರಕ್ಕೆ ಹೋಗಿ ಒಂದೊಂದನ್ನೂ ಪರೀಕ್ಷಿಸಿತು. ಮೇಲ್ನೋಟಕ್ಕೆ ಎಲ್ಲವೂ ಹಾಳು. ಆದರೆ ಹಾಳು ಮಾಡಿದವರು ಎಲ್ಲ ವಿಮಾನಗಳನ್ನೂ ಒಂದೇ ಕಡೆ ಹೊಡೆದಿರಲಿಲ್ಲ. ಒಂದರ ರೆಕ್ಕೆ ಚೆನ್ನಾಗಿತ್ತು, ಇನ್ನೊಂದರ ಬಾಲ. ಒಂದರ ಎಂಜಿನ್ ಮರಳು ತಿಂದಿದ್ದರೆ ಮತ್ತೊಂದರದ್ದು ಬಚಾವಾಗಿತ್ತು. ಹರಿದ ನಾಲ್ಕು ಅಂಗಿ ಬಿಚ್ಚಿ ಎರಡು ಗಟ್ಟಿ ಅಂಗಿ ಹೊಲಿಯುವ ದರ್ಜಿಯಂತೆ, ಒಂದರ ಭಾಗ ಇನ್ನೊಂದಕ್ಕೆ ಕೂಡಿಸುತ್ತ ಕೆಲಸ ಸಾಗಿತು.

ಗುರಿ ಸರಳ. ಚಕೇರಿಯಲ್ಲೇ ವಿಮಾನವನ್ನು ಹೊಸದರಂತೆ ಮಾಡುವುದಲ್ಲ. ಬೆಂಗಳೂರಿನವರೆಗೆ ಒಂದೇ ಒಂದು ಸಲ ಹಾರುವಷ್ಟು ಮಾಡುವುದು. ಉಳಿದ ರಿಪೇರಿಯೆಲ್ಲ ಇಲ್ಲಿನ ಕಾರ್ಖಾನೆಯಲ್ಲಿ. ಆಕಾಶದಲ್ಲಿ ಕಾನ್ಪುರದಿಂದ ಬೆಂಗಳೂರಿಗೆ ಸುಮಾರು 1,500 ಕಿಲೋಮೀಟರ್. ನಡುವೆ ವಿಂಧ್ಯ, ಸಾತ್ಪುಡಾ ಬೆಟ್ಟಗಳು, ಗೋದಾವರಿ, ಕೃಷ್ಣಾ ನದಿಗಳು. ಲಾರಿಯ ಗುದ್ದು ತಿಂದು, ಮಳೆಯಲ್ಲಿ ನೆನೆದು, ಹತ್ತು ವಿಮಾನಗಳ ಬಿಡಿಭಾಗ ಹೊತ್ತ ಬಾಂಬರನ್ನು ಆ ದಾರಿಯಲ್ಲಿ ಯಾರು ಹಾರಿಸಬೇಕು?

ಹಾರಿಸಿದವರು ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿ. ಒಂದು ಬಾರಿಯಾದರೆ ಸಾಹಸ ಎನ್ನಬಹುದು. ಮುನ್ಷಿ ಕಾನ್ಪುರಕ್ಕೆ ಹೋಗುವುದು, ಇನ್ನೊಂದು ಲಿಬರೇಟರ್ ತರುವುದು, ಮತ್ತೆ ಹೋಗುವುದು: ಹೀಗೆ ಒಂದೊಂದನ್ನಾಗಿ ಬೆಂಗಳೂರಿನ ನೆಲಕ್ಕೆ ಮುಟ್ಟಿಸಿದರು. ಪ್ರತಿ ಸಲವೂ ಹಿಂದೆಂದೂ ಆ ರೂಪದಲ್ಲಿ ಹಾರದ ವಿಮಾನ. ವಾರಗಟ್ಟಲೆ ಪಕ್ಕದಲ್ಲಿ ನಿಂತು ಬೋಲ್ಟು ಬಿಗಿದ ಮೆಕ್ಯಾನಿಕ್‌ಗಳ ಮೇಲೆ ಪೈಲಟ್ಟಿಗೆ ಎಷ್ಟು ಭರವಸೆ ಇದ್ದಿರಬೇಕು! ಇದೇ ಮುನ್ಷಿ 1951ರ ಆಗಸ್ಟಿನಲ್ಲಿ, ಡಾ. ವಿ. ಎಂ. ಘಾಟಗೆ ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನವನ್ನು ಮೊದಲ ಬಾರಿಗೆ ಮೇಲಕ್ಕೊಯ್ದರು. ಹೆರಿಟೇಜ್ ಸೆಂಟರಿನಲ್ಲಿ ಎಚ್‌ಟಿ-2 ಮುಂದೆ ನಿಲ್ಲುವ ವಿದ್ಯಾರ್ಥಿಗಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಬೆಂಗಳೂರಿನಲ್ಲಿ ವಿಮಾನವನ್ನು ಪೂರ್ತಿ ಬಿಚ್ಚಿ, ಮೈಯ ತೂತುಗಳಿಗೆ ತೇಪೆ ಹಾಕಿ, ವೈರುಗಳನ್ನು ಎಳೆದು, ಎಂಜಿನ್ ಹೊಸತು ಮಾಡಿ, ವಾಯುಪಡೆಗೆ ಒಪ್ಪಿಸುತ್ತಿದ್ದರು. 1948ರ ನವೆಂಬರ್ 2ರಂದು, ಅಂದರೆ ಕೆಲಸ ಹಿಡಿದ ವರ್ಷವೇ, ಲಿಬರೇಟರುಗಳಿಂದ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಹುಟ್ಟಿತು. ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ದಳ. 1951ರ ಜನವರಿಯಲ್ಲಿ 6ನೆಯ ಸ್ಕ್ವಾಡ್ರನ್ನಿಗೂ ಲಿಬರೇಟರುಗಳೇ ಬಂದವು. ಅದರ ಕೆಲಸ ಸಮುದ್ರದ ಕಾವಲು. ಒಮ್ಮೆ ಇಂಧನ ತುಂಬಿಸಿದರೆ ದಿನದ ಬಹುಪಾಲು ಆಕಾಶದಲ್ಲೇ ಇರಬಲ್ಲ ವಿಮಾನಕ್ಕೆ ಅರಬ್ಬೀ ಸಮುದ್ರ ಸುತ್ತುವ ಕೆಲಸ ಹೇಳಿ ಮಾಡಿಸಿದಂತಿತ್ತು. 1957ರಲ್ಲಿ 5ನೆಯ ಸ್ಕ್ವಾಡ್ರನ್ನಿಗೆ ಜೆಟ್ ಎಂಜಿನ್ನಿನ ಕ್ಯಾನ್‌ಬೆರಾ ಬಂತು. 6ನೆಯದು ಮಾತ್ರ 1968ರ ಡಿಸೆಂಬರ್ ಕೊನೆಯವರೆಗೂ ಲಿಬರೇಟರನ್ನು ಬಿಡಲಿಲ್ಲ. ಕೆಡಿಸಿ ಎಸೆದವರ ಲೆಕ್ಕದಲ್ಲಿ 1946ಕ್ಕೇ ಮುಗಿದಿದ್ದ ವಿಮಾನ ಇಪ್ಪತ್ತು ವರ್ಷ ಹೆಚ್ಚಾಗಿ ಬದುಕಿತು.

ಎಸೆದವರೇ ಕೇಳಿ ಪಡೆದರು

ಅಷ್ಟರಲ್ಲಿ ಜಗತ್ತಿಗೆ ಒಂದು ಸಂಗತಿ ಅರಿವಾಗಿತ್ತು. 18,000 ಲಿಬರೇಟರುಗಳಲ್ಲಿ ಬೇರೆಲ್ಲೂ ಬೆರಳೆಣಿಕೆಗಿಂತ ಹೆಚ್ಚು ಉಳಿದಿರಲಿಲ್ಲ. ಇಡಿಯಾಗಿ, ಸ್ವಂತ ರೆಕ್ಕೆಯ ಮೇಲೆ ಹಾರುವ ಸ್ಥಿತಿಯಲ್ಲಿ ಇದ್ದವು ಭಾರತದಲ್ಲಿ. ವಸ್ತುಸಂಗ್ರಹಾಲಯಗಳ ಪತ್ರಗಳು ಬರತೊಡಗಿದವು.

ಕೆನಡಾ 1968ರಲ್ಲಿ ಒಂದನ್ನು ಪಡೆಯಿತು, ಬರಿಗೈಯಲ್ಲಲ್ಲ. ಬದಲಿಗೆ ಲೈಸಾಂಡರ್ ಎಂಬ ಯುದ್ಧಕಾಲದ ವಿಮಾನವನ್ನು ಭಾರತಕ್ಕೆ ಕೊಟ್ಟಿತು. ಭಾರತೀಯ ವಾಯುಪಡೆಯ ಹುಡುಗರು ಯುದ್ಧದ ಆರಂಭದಲ್ಲಿ ಬರ್ಮಾದಲ್ಲಿ ಹಾರಿಸಿದ್ದ ಜಾತಿ ಅದು, ನಮ್ಮಲ್ಲಿ ಒಂದೂ ಉಳಿದಿರಲಿಲ್ಲ. ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರದಲ್ಲಿ ಎರಡೂ ದೇಶಕ್ಕೆ ಲಾಭ.

1974ರಲ್ಲಿ ಬ್ರಿಟನ್ನಿಗೆ ಹೋದದ್ದರ ಕತೆ ಇನ್ನೂ ಸ್ವಾರಸ್ಯದ್ದು. ಭಾರತದಲ್ಲಿ ಎಚ್‌ಇ 807 ಎಂಬ ಸಂಖ್ಯೆ ಹೊತ್ತಿದ್ದ ಈ ವಿಮಾನ 1945ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಬ್ರಿಟಿಷ್ ವಾಯುಪಡೆಯ 99ನೆಯ ಸ್ಕ್ವಾಡ್ರನ್ನಿನಲ್ಲಿತ್ತು. ಬ್ರಿಟಿಷರು ಹಾರಿಸಿ, ಬ್ರಿಟಿಷರು ಬಿಟ್ಟುಹೋದ ವಿಮಾನ ಭಾರತದ ಉಡುಗೊರೆಯಾಗಿ, ಹಾರಿಕೊಂಡೇ ಇಂಗ್ಲೆಂಡ್ ಸೇರಿತು. ಈಗ ಅದು ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯದ ಸ್ವತ್ತು. ಲಂಡನ್ನಿನ ಹೆಂಡನ್‌ನಲ್ಲಿ ಇರಿಸಲಾಗಿದೆ.

ಅಮೆರಿಕಕ್ಕೂ ಹೋದವು. ಒಂದು 1969ರಲ್ಲಿ ಅರಿಜೋನಾದ ಟ್ಯೂಸಾನ್ ನಗರದ ಪೀಮಾ ಸಂಗ್ರಹಾಲಯ ಸೇರಿತು. ಕಿಂಗ್‌ಮನ್ ಇರುವುದೂ ಅದೇ ಅರಿಜೋನಾದಲ್ಲಿ. ಸಾವಿರಾರು ವಿಮಾನಗಳನ್ನು ಕರಗಿಸಿದ ರಾಜ್ಯಕ್ಕೆ ಪ್ರದರ್ಶನಕ್ಕೆಂದು ಒಂದನ್ನು ಭಾರತದಿಂದ ತರಿಸಿಕೊಳ್ಳಬೇಕಾಯಿತು! ಇನ್ನೊಂದನ್ನು 1981ರಲ್ಲಿ ಬ್ರಿಟನ್ನಿನ ಸಂಗ್ರಾಹಕರೊಬ್ಬರು ಭಾಗ ಭಾಗವಾಗಿ ಬಿಚ್ಚಿ ಸರಕು ವಿಮಾನದಲ್ಲಿ ಒಯ್ದರು. ಅದನ್ನು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ 1984ರಲ್ಲಿ ಕೊಂಡು ಹಲವು ವರ್ಷ ದುಡಿದು 1989ರಲ್ಲಿ ಮತ್ತೆ ಹಾರಿಸಿತು. ಯುದ್ಧದಲ್ಲಿ ಲಿಬರೇಟರ್ ಹಾರಿಸಿದ್ದ ಮುದುಕರು ಊರೂರಿನ ವಿಮಾನ ನಿಲ್ದಾಣಗಳಲ್ಲಿ ಅದನ್ನು ಮುಟ್ಟಿ ನೋಡಲು ಸಾಲು ನಿಂತರು. ಜಗತ್ತಿನಲ್ಲಿ ಇಂದು ಇಡಿಯಾಗಿ ಉಳಿದಿರುವ ಕೆಲವೇ ಲಿಬರೇಟರುಗಳಲ್ಲಿ ಕನಿಷ್ಠ ಆರು ಭಾರತೀಯ ವಾಯುಪಡೆಯಲ್ಲಿದ್ದವು. ಆದರೆ ವಿದೇಶದಲ್ಲಿರುವ ಹಲವುಗಳ ಮೈಮೇಲೆ ಈಗ ಆಯಾ ದೇಶದ ಬಣ್ಣ ಬಂದಿದೆ. ನೋಡಲು ಬಂದ ಮಕ್ಕಳಿಗೆ ಒಳಗಿನ ರಿವೆಟ್ಟು ಬೆಂಗಳೂರಿನದೆಂದು ತಿಳಿಯುವುದು ಕಷ್ಟ.

ಡಕೋಟಾದ ವಿಷಯದಲ್ಲಿ ಪ್ರವಾಹ ತಿರುಗಿ ಹರಿದದ್ದೂ ಉಂಟು. ಬ್ರಿಟನ್ನಿನಲ್ಲಿ ಗುಜರಿಗೆ ಬಿದ್ದಿದ್ದ ಹಳೆಯ ಡಕೋಟಾವೊಂದನ್ನು, ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೊಂಡು ರಿಪೇರಿ ಮಾಡಿಸಿ ವಾಯುಪಡೆಗೆ ಕಾಣಿಕೆ ಕೊಟ್ಟರು. ಅವರ ತಂದೆ ಡಕೋಟಾ ಪೈಲಟ್ ಆಗಿದ್ದವರು. ‘ಪರಶುರಾಮ’ ಎಂಬ ಹೆಸರಿನ ಆ ವಿಮಾನ 2018ರ ಏಪ್ರಿಲಿನಲ್ಲಿ ಇಂಗ್ಲೆಂಡಿನಿಂದ ಹಾರಿಕೊಂಡೇ ಭಾರತಕ್ಕೆ ಬಂತು.

ದೆಹಲಿ ಪ್ರವಾಸಕ್ಕೆ ಹೋಗುವ ಶಾಲೆಗಳು ಕೆಂಪುಕೋಟೆ, ಕುತುಬ್ ಮಿನಾರ್ ನೋಡಿ ಆಗ್ರಾದ ಬಸ್ಸು ಹತ್ತುತ್ತವೆ. ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯಕ್ಕೆ ಅರ್ಧ ದಿನ ಕೊಟ್ಟರೆ ನಷ್ಟವಿಲ್ಲ. ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿನ ಹ್ಯಾಂಗರಿನೊಳಗೆ ವಾಪಿಟಿ, ಹರಿಕೇನ್, ಸ್ಪಿಟ್‌ಫೈರ್‌ಗಳಿವೆ. ಪೈಲಟ್ ಸಮೇತ ಶತ್ರು ಹಡಗಿಗೆ ಅಪ್ಪಳಿಸಲೆಂದೇ ಜಪಾನ್ ಮಾಡಿದ್ದ ಓಹ್ಕಾ ಎಂಬ ಪುಟ್ಟ ರಾಕೆಟ್ ವಿಮಾನವೂ ಇದೆ. ಕೆನಡಾ ಬದಲಿಗೆ ಕೊಟ್ಟ ಲೈಸಾಂಡರನ್ನೂ ಇಲ್ಲೇ ನೋಡಬಹುದು. ಬೆಂಗಳೂರಿನಲ್ಲಿ ಮರುಹುಟ್ಟು ಪಡೆದ ಲಿಬರೇಟರ್ ದೊಡ್ಡದು. ಅದನ್ನು ಹುಡುಕುವುದು ಕಷ್ಟವಲ್ಲ. ಎರಡು ದುಂಡು ಬಾಲಗಳಿರುವುದು ಅದೇ. ಮೈಮೇಲೆ ಬರೆದಿರುವ ಸಂಖ್ಯೆ ಎಚ್‌ಇ 924.